ಏಳು ದಿನ ಬಡಿದದ್ದು ಯಾರ ಎದೆ

"ಬೀಪಾತುಮ್ಮನ ಹೃದಯ ಒಂದೇ ತಿಂಗಳಲ್ಲಿ ಇಮ್ಮಡಿ ಗಟ್ಟಿಯಾಗಿದೆ ಖಲೀಲಾಕ. ನನಗೆ ಹೆದರಿಕೆ ಆಗ್ತಾ ಉಂಟು," ಎಂದಳು ಡಾಕ್ಟರ್ ಜಸೀಲಾ.

ಗುರುವಾಯನಕೆರೆಯ ತಮ್ಮ ಗಡಿಯಾರ ರಿಪೇರಿ ಅಂಗಡಿಯಲ್ಲಿ ಇಬ್ರಾಹಿಂ ಖಲೀಲರು ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆದಿಟ್ಟರು. ಊರಿನಲ್ಲಿ ಏನು ಕಳವಾದರೂ, ಯಾರ ಮಾತು ಸುಳ್ಳೆನಿಸಿದರೂ ಜನ ಮೊದಲು ಹತ್ತುತ್ತಿದ್ದುದು ಈ ಮೆಟ್ಟಿಲನ್ನೇ. ಬೆಂಚಿನ ಮೇಲಿದ್ದ ಅವರ ಗೆಳೆಯ, ನಿವೃತ್ತ ಮಾಸ್ತರ ಸಂಪತ್‌ಕುಮಾರರು ಪೇಪರು ಮಡಚಿದರು.

"ಗಟ್ಟಿಯಾದರೆ ಸಕ್ಕರೆ ಹಂಚುವುದು ಬಿಟ್ಟು ಹೆದರುವುದೆಂಥ ಮಾರಾಯ್ತಿ?" ಎಂದರು ಮಾಸ್ತರರು.

ಜಸೀಲಾ ನಗಲಿಲ್ಲ. ಬೀಪಾತುಮ್ಮ ರೋಗಿಯಾಗಿದ್ದ ಅವಳ ಚಿಕಿತ್ಸಾಲಯದಲ್ಲಿ ಹೊಸ ಪ್ರಯೋಗವೊಂದು ನಡೆದಿತ್ತು. ಎದೆಗೆ ಅಂಟಿಸಿದ ಪಟ್ಟಿಯೊಂದು ಏಳು ದಿನ ಹೃದಯದ ಬಡಿತ, ಅದರ ಪಂಪಿನ ಶಕ್ತಿ, ಮೈಯ ಭಂಗಿ ಎಲ್ಲವನ್ನೂ ಗುರುತಿಸಿಡುತ್ತಿತ್ತು. ಅದನ್ನು ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡುವುದು ಕ್ರಮ.

"ಸ್ಕ್ಯಾನಿಂಗಿನಲ್ಲಿ ಪಂಪಿನ ಶಕ್ತಿ ನೂರಕ್ಕೆ ಮೂವತ್ತು ಇದ್ದದ್ದು ಪಟ್ಟಿಯಲ್ಲಿ ಐವತ್ತೆಂಟು! ಅದನ್ನು ನಂಬಿ ನೀರಿಳಿಸುವ ಮಾತ್ರೆ ಅರ್ಧ ಮಾಡಿದೆ, ಉಪವಾಸಕ್ಕೂ ಒಪ್ಪಿದೆ. ನಾಡಿದ್ದು ರಂಜಾನ್ ಶುರು. ನಿನ್ನೆ ನೋಡಿದರೆ ಕಾಲು ಊದಿದೆ. ಮತ್ತೆ ಸ್ಕ್ಯಾನಿಂಗಿಗೆ ಕರೆದರೆ ಬರುವುದಿಲ್ಲ ಅಂತಾರೆ. ಪಟ್ಟಿ ಸುಳ್ಳಾದರೆ ಈ ಉಪವಾಸ ಅವರ ಜೀವ ತೆಗೀತದೆ. ಪಟ್ಟಿ ನಿಜವಾದರೆ, ಮಾತ್ರೆ ಹೆಚ್ಚಿಸಿದರೂ ಅಪಾಯ."

"ಪಟ್ಟಿ ಕೊಟ್ಟದ್ದು ಯಾರು?"

"ನಮ್ಮ ಟೆಕ್ನಿಶಿಯನ್ ಸಿನಾನ್. ಕೇಳಿದರೆ ಮುಖ ತಪ್ಪಿಸ್ತಾನೆ. ಪಟ್ಟಿ ಮಾಡುವ ಕಂಪನಿಯ ಅಜ್ಮಲ್ ಆ ವಾರ ಎರಡು ಸಲ ಬೀಪಾತುಮ್ಮನ ಮನೆಗೆ ಹೋಗಿದ್ದನಂತೆ."

"ಅಜ್ಮಲನೇ!" ಎಂದರು ಸಂಪತ್‌ಕುಮಾರರು. "ಪಟ್ಟಿ ಗೆದ್ದರೆ ಅವನಿಗೆ ಬಡ್ತಿ."

ಖಲೀಲರು ಜಸೀಲಾ ತಂದಿದ್ದ ಪಟ್ಟಿಯ ಹಾಳೆಗಳನ್ನು ತಸ್ಬೀಹ್ ಮಣಿ ಎಣಿಸುವಷ್ಟು ನಿಧಾನವಾಗಿ ತಿರುಗಿಸಿದರು. "ರಾತ್ರಿಯಿಡೀ ಚಪ್ಪಟೆ ಮಲಗಿದೆ ಈ ಜೀವ. ಊಟದ ಹೊತ್ತಿಗೆ ಬಡಿತ ಸ್ವಲ್ಪ ಏರ್ತದೆ. ಸಂಜೆ ಆರಕ್ಕೆ ಏರಿದ್ದು, ಮತ್ತೆ ಬೆಳಗ್ಗಿನವರೆಗೆ ಇಲ್ಲ. ಸೋಮವಾರವಂತೂ ಇಡೀ ದಿನ ಏರಲೇ ಇಲ್ಲ."

ಸಂಪತ್‌ಕುಮಾರರು ಕೊಡೆ ಎತ್ತಿಕೊಂಡರು. "ನಾನು ಹೊರಟೆ. ಹೊತ್ತು ಮುಳುಗುವ ಮೊದಲು ಊಟ ಆಗಬೇಕಲ್ಲ."

ಖಲೀಲರು ಗೆಳೆಯನನ್ನು ಹೊಸಬನನ್ನು ನೋಡುವಂತೆ ನೋಡಿದರು. "ನಾಳೆ ಪುಂಜಾಲಕಟ್ಟೆಗೆ, ಬೀಪಾತುಮ್ಮನ ಮನೆಗೆ ಹೋಗುವ ಮಾಸ್ಟ್ರೇ. ಎಲ್ಲರೂ ಅಲ್ಲಿರಲಿ."

ಮರುದಿನ ಬೀಪಾತುಮ್ಮನ ಜಗಲಿಯಲ್ಲಿ ಮುದುಕಿಯ ಜೊತೆ ಜಸೀಲಾ, ಸಿನಾನ್, ಅಜ್ಮಲ್ ಕುಳಿತಿದ್ದರು. ಪಕ್ಕದ ಮನೆಯ ವಿಮಲಾ ಬಾಗಿಲಿಗೆ ಒರಗಿದ್ದಳು. ಒಬ್ಬರು ಇನ್ನೊಬ್ಬರ ಕಣ್ಣು ನೋಡುತ್ತಿರಲಿಲ್ಲ. ಒಳಗೆ ಮಂಚದ ಮೇಲೆ ಮೂರು ದಿಂಬುಗಳು ಒಂದರ ಮೇಲೊಂದು ಗೋಡೆಗೆ ಒರಗಿದ್ದವು.

"ಇಷ್ಟು ದಿಂಬು ಯಾಕೆ?" ಖಲೀಲರು ಕೇಳಿದರು.

"ಚಪ್ಪಟೆ ಮಲಗಿದರೆ ಉಸಿರು ಕಟ್ತದೆ ಮಗಾ. ವರ್ಷವಾಯಿತು," ಎಂದ ಮುದುಕಿ ತಟ್ಟನೆ ಬಾಯಿ ಮುಚ್ಚಿಕೊಂಡಳು.

"ಸಿನಾನ್, ಪಟ್ಟಿ ಅಂಟಿಸಿದ್ದು ನೀನಾ?"

ಸಿನಾನ್ ಬೆವರಿದ. "ಹೆಂಗಸರ ಎದೆ ನಾನು ಮುಟ್ಟುವುದು ಹೇಗೆ? ಬಾಗಿಲಲ್ಲೇ ಕೊಟ್ಟು ಹೇಳಿ ಬಂದೆ. ಕೆಲಸ ಹೋದೀತು ಅಂತ ಮೇಡಮ್ಮಿಗೆ ಹೇಳಲಿಲ್ಲ."

"ಅಜ್ಮಲ್, ನೀನು ಇಲ್ಲಿಗೆ ಬಂದದ್ದು?"

"ಪಟ್ಟಿ ಹೇಗುಂಟು ಅಂತ ಕೇಳಲು. ಎರಡು ಸಲವೂ ಬಾಗಿಲಲ್ಲೇ ಚಾ ಕೊಟ್ಟು ಕಳಿಸಿದರು."

"ಅಂಕಿ ತಿದ್ದುವವನಾದರೆ ಒಂದು ಅಂಕಿ ತಿದ್ದಿಯಾನು," ಎಂದರು ಖಲೀಲರು. "ಏಳು ದಿನದ ನಿದ್ದೆ, ಊಟ ಕೂತು ಹೆಣೆಯುವುದಿಲ್ಲ. ಇದು ನಿಜವಾದ ಹೃದಯ, ಬೀಪಾತುಮ್ಮನದಲ್ಲ ಅಷ್ಟೆ. ಚಪ್ಪಟೆ ಮಲಗಬಲ್ಲವರದು. ಸೂರ್ಯ ಮುಳುಗುವ ಮೊದಲೇ ಉಂಡು, ಮತ್ತೆ ಏನೂ ಮುಟ್ಟದವರದು. ಮಾಸ್ಟ್ರೇ, ಆ ಸೋಮವಾರ ಏನಿತ್ತು?"

"ಅಷ್ಟಮಿ, ನಮಗೆ ಜೈನರಿಗೆ ಉಪವಾಸ," ಎಂದ ಸಂಪತ್‌ಕುಮಾರರಿಗೆ ಆಗ ಹೊಳೆಯಿತು. ಅಂದು ಅವರ ಮನೆಯಲ್ಲೂ ಒಲೆ ಹಚ್ಚಿರಲಿಲ್ಲ. ತಾವು ದಿನವೂ ಬದುಕುವ ಬದುಕೇ ಆ ಹಾಳೆಯಲ್ಲಿದ್ದರೂ ಅಜ್ಮಲನನ್ನೇ ಹಿಡಿದು ಕೂತಿದ್ದರಲ್ಲ!

"ಹೆಂಗಸರ ಪಟ್ಟಿ ಹೆಂಗಸರ ಕೈಗೇ ದಾಟಬೇಕು. ಬೇಲಿಯಾಚೆ ಇರುವ ಜೈನರ ಮನೆ ಒಂದೇ," ಎಂದರು ಖಲೀಲರು.

ವಿಮಲಾ ಬಾಗಿಲು ಬಿಟ್ಟು ಮುಂದೆ ಬಂದಳು. "ಪರೀಕ್ಷೆ ಪಾಸಾದರೆ ಉಪವಾಸಕ್ಕೆ ಬಿಡ್ತಾರೆ, ಇದು ನನ್ನ ಕೊನೆಯ ರಂಜಾನ್ ಆದರೆ ಅಂತ ಬೀಪಾತುಮ್ಮ ಅತ್ತರು. ಅಷ್ಟಮಿ ತಪ್ಪಿಸದ ನಾನು ಇನ್ನೊಬ್ಬರ ವ್ರತಕ್ಕೆ ಇಲ್ಲ ಅನ್ನುವುದು ಹೇಗೆ? ಪಟ್ಟಿ ನಾನೇ ಅಂಟಿಸಿಕೊಂಡೆ. ಮಾತ್ರೆ ಕಡಿಮೆ ಮಾಡ್ತಾರೆ ಅಂತ ನನಗೆ ದೇವರಾಣೆ ಗೊತ್ತಿರಲಿಲ್ಲ."

"ಅವಳನ್ನು ಬೈಯಬೇಡಿ," ಎಂದಳು ಬೀಪಾತುಮ್ಮ. "ಒಂದು ಉಪವಾಸವನ್ನೂ ಬಿಟ್ಟವಳಲ್ಲ ನಾನು. ದೇವರಿಗೆ ಯಾವ ಮುಖ ತೋರಿಸಲಿ?"

ಖಲೀಲರು ಅವಳ ಕಾಲ ಬಳಿ ನೆಲದಲ್ಲೇ ಕುಳಿತರು. "ಕಾಯಿಲೆಯವರಿಗೆ ವಿನಾಯಿತಿ ಕೊಟ್ಟದ್ದು ಅವನೇ ಉಮ್ಮಾ. ಬಿಟ್ಟ ಒಂದೊಂದು ಉಪವಾಸಕ್ಕೆ ಒಬ್ಬ ಬಡವನಿಗೆ ಊಟ ಹಾಕಿದರಾಯಿತು. ಕೊಟ್ಟದ್ದನ್ನು ಬೇಡ ಅಂದರೆ ಅದು ಯಾವ ಭಕ್ತಿ?"

ಮುದುಕಿ ಅಡುಗೆಮನೆಯ ಕಡೆ ನೋಡಿದಳು.

"ಬಡಿಸುವುದು ನಾನೇ. ನಿಲ್ಲಬಹುದಾ ಡಾಕ್ಟ್ರೇ?"

"ಕೂತು ಬಡಿಸಿ," ಎಂದಳು ಜಸೀಲಾ.

"ಹಾಗಾದರೆ ಅಂಟಿಸು ಮಗಳೇ. ಈ ಸಲ ನನಗೇ."

ಗಂಡಸರು ಎದ್ದು ಅಂಗಳಕ್ಕೆ ಇಳಿದರು. ಒಳಗೆ ವಿಮಲಾ ಸೆರಗನ್ನು ಅಡ್ಡ ಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಜಸೀಲಾಳ ದನಿ ಕೇಳಿಸಿತು: "ಪಟ್ಟಿಯ ಮೊದಲ ಅಂಕಿ ಇಪ್ಪತ್ತೆಂಟು. ವಿಮಲಕ್ಕ, ನೀರು ತನ್ನಿ, ಇಡೀ ಮಾತ್ರೆ ಕೊಡುವ."