ಏಳು ಐವತ್ತರ ಚಿತ್ರ

ನೋಡಿದೊಡನೆ ಅವಧೂತ ಗುರುತಿಸಿದ: ಅದು ತನ್ನ ಚಿತ್ರ. ಪ್ರದರ್ಶನದ ಗೋಡೆಯ ನಟ್ಟನಡುವೆ ದಾಪೋಡಿಯ ರೈಲ್ವೆ ಸೇತುವೆ, ಕೆಳಗೆ ಉಕ್ಕಿದ ಮುಳಾ ನದಿ. ಮಳೆ ನಿಂತ ಗಳಿಗೆಯ ಬಿಸಿಲು ಮುಂಬಯಿ ಗಾಡಿಯ ಅಷ್ಟೂ ಕಿಟಕಿಗಳಲ್ಲಿ ಒಟ್ಟಿಗೇ ಹೊತ್ತಿಕೊಂಡಿತ್ತು. ಚೌಕಟ್ಟಿನ ಕೆಳಗೆ ‘ಪ್ರಥಮ ಬಹುಮಾನ’ ಎಂಬ ಚೀಟಿ. ಹೆಸರು ಮಾತ್ರ ಋಷಿಕೇಶನದು.

ಭೋಸರಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ತಪಾಸಣೆ ಮಾಡುವುದು ಅವಧೂತನ ಕೆಲಸ. ರವಿವಾರಗಳೆಲ್ಲ ರೈಲುಗಳಿಗೆ ಮೀಸಲು. ಆರು ವರ್ಷದ ಕೆಳಗೆ ಋಷಿಕೇಶ ಕ್ಯಾಮರಾ ಹಿಡಿದು ಬೆನ್ನು ಹತ್ತಿದಾಗ, ಎಲ್ಲಿ ನಿಲ್ಲಬೇಕು, ಯಾವಾಗ ಉಸಿರು ಹಿಡಿಯಬೇಕು ಎಂಬುದನ್ನೆಲ್ಲ ಅವಧೂತನೇ ಕಲಿಸಿದ್ದ. ತನ್ನ ಕಂಪ್ಯೂಟರು ಕೆಟ್ಟಾಗ ಹಳೆಯ ಚಿತ್ರಗಳನ್ನೆಲ್ಲ ಅವನಲ್ಲೇ ಕಾಪಿಡಲು ಕೊಟ್ಟಿದ್ದ.

ಕೇಳಿದ್ದಕ್ಕೆ ಋಷಿಕೇಶ ನಕ್ಕುಬಿಟ್ಟ. “ಸರ್ರ, ನಿಮ್ಮ ಕಡೆ ಇಂಥಾವು ಸಾವಿರ ಅದಾವು. ಒಂದು ನಂದಾದ್ರ ಏನಾತ್ರಿ?”

ಆ ಚಿತ್ರ ತೆಗೆದ ಬೆಳಿಗ್ಗೆ ಅವಧೂತನ ತಾಯಿ ಅವ್ವಮ್ಮ ಆಸ್ಪತ್ರೆಯಲ್ಲಿದ್ದಳು. ಒಂದು ತಾಸಿನಲ್ಲಿ ಬಂದೆ ಎಂದು ಹೇಳಿ, ಫೋನು ಬಂದ್ ಮಾಡಿ, ಸೇತುವೆಯ ಕೆಳಗೆ ನಿಂತಿದ್ದ. ತಿರುಗಿ ಬಂದಾಗ ಹಾಸಿಗೆ ಖಾಲಿಯಾಗಿತ್ತು. ಮಗನ ಹೆಸರು ಹಿಡಿದು ಮೂರು ಸಲ ಕರೆದಳಂತೆ. ಆ ಮೂರು ಕರೆಗೆ ಬದಲಾಗಿ ಅವನಿಗೆ ಉಳಿದದ್ದು ಅದೊಂದೇ ಚಿತ್ರ. ಇದುವರೆಗೂ ಅದನ್ನು ಯಾರಿಗೂ ತೋರಿಸಿರಲಿಲ್ಲ.

ಸಿಟ್ಟು ಎರಡು ದಿನದಲ್ಲಿ ಆರಿತು. ಆಮೇಲೆ ಉಳಿದದ್ದು ಲೆಕ್ಕಾಚಾರ.

ಶ್ರಾವಣದ ಒಂದು ಮೋಡದ ರವಿವಾರ, ತನ್ನೂರು ತಳೇಗಾಂವದ ಪ್ಲಾಟ್‌ಫಾರ್ಮಿನಲ್ಲಿ ನಿಂತು ಮುಂಬಯಿ ಗಾಡಿಯ ಚಿತ್ರ ತೆಗೆದ. ಏಳು ಇಪ್ಪತ್ತೈದಕ್ಕೆ ದಾಪೋಡಿ ಸೇತುವೆ ದಾಟುವ ಆ ಗಾಡಿ ತಳೇಗಾಂವಕ್ಕೆ ಬರುವುದು ಏಳು ಐವತ್ತಕ್ಕೆ. ಎಂಜಿನ್ನುಗಳು ದಿನದಿನಕ್ಕೆ ಬದಲಾಗುತ್ತವೆ. ಅದಕ್ಕೇ ಎಂಜಿನ್ನಿನ ನಂಬರು ಕಾಣದಂತೆ ಬರೀ ಡಬ್ಬಿಗಳ ಸಾಲು ಹಿಡಿದ. ಕ್ಯಾಮರಾದ ತಾರೀಖನ್ನು ಮೊದಲೇ ಸರಿಯಾಗಿ ಏಳು ದಿನ ಮುಂದಿಟ್ಟಿದ್ದ. ಮುಂದಿನ ರವಿವಾರವೂ ಇಂಥದೇ ಮೋಡ ಇರಬೇಕಷ್ಟೇ. ಶುಕ್ರವಾರ ಋಷಿಕೇಶನನ್ನು ಖುದ್ದಾಗಿ ಕಂಡ.

“ನೀರು ಭಾಳ ಏರ್ಯಾವು. ರವಿವಾರ ದಾಪೋಡಿಗೆ ಹೋಗು,” ಅಂದ. “ನಾ ಬರೂದಿಲ್ಲ. ತಳೇಗಾಂವದಾಗ ನಿಂತಿರ್ತೀನಿ.”

ಋಷಿಕೇಶ ಕೈ ಹಿಡಿದುಕೊಂಡ. “ಸಿಟ್ಟಿಲ್ಲಲ್ರಿ ಸರ್ರ?”

“ಯಾಕ ಸಿಟ್ಟು?”

ರವಿವಾರವೂ ಮೋಡ ಹಾಗೆಯೇ ಕವಿದಿತ್ತು. ಅವಧೂತ ಫೋನನ್ನು ಮನೆಯಲ್ಲೇ ಬಿಟ್ಟು ಸ್ಕೂಟರಿನಲ್ಲಿ ದಾಪೋಡಿಗೆ ಬಂದ. ನದಿಯಂಚಿನ ಹಳೆಯ ಕಲ್ಲುಕಟ್ಟೆಯ ಮೇಲೆ ಋಷಿಕೇಶ ಒಬ್ಬನೇ ನಿಂತಿದ್ದ.

“ಅರೆ ಸರ್ರ, ಬಂದ್ರೇನ್ರಿ! ಬರ್ರಿ, ಬರ್ರಿ,” ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಆ ಸಂತೋಷ ನಿಜವಾದದ್ದೆಂದು ಕಂಡೂ ಅವಧೂತ ಅವನ ಪಕ್ಕಕ್ಕೆ ಹೋಗಿ ನಿಂತ. ಅಷ್ಟರಲ್ಲಿ ಹಳಿ ಗುಡುಗಿತು. ಏಳು ಇಪ್ಪತ್ತೈದು, ಗಾಡಿ ಒಂದು ನಿಮಿಷವೂ ತಡವಾಗಿರಲಿಲ್ಲ. ಋಷಿಕೇಶ ಕ್ಯಾಮರಾಕ್ಕೆ ಕಣ್ಣು ಹಚ್ಚಿದ. ಎಂಜಿನ್ನು ದಾಟಲಿ, ಚಾಲಕನಿಗೆ ಕಾಣುವುದು ಬೇಡ ಎಂದು ಅವಧೂತ ಕಾದ. ಆಮೇಲೆ ಸೇತುವೆಯ ಕಂಬದ ಮರೆಗೆ ಸರಿದು ಎರಡೂ ಕೈ ಚಾಚಿ ನೂಕಿದ. ಕೂಗು ಚಕ್ರಗಳ ಸದ್ದಿನಲ್ಲಿ ಕರಗಿತು. ಈಜು ಬಾರದವನನ್ನು ಕೆಂಪು ನೀರು ಎಳೆದುಕೊಂಡಿತು. ಕಡೆಯ ಡಬ್ಬಿ ಸೇತುವೆ ದಾಟುವ ಮುನ್ನವೇ ಅವಧೂತ ಬೆನ್ನು ತಿರುಗಿಸಿ ಗಲ್ಲಿಯೊಳಗಿದ್ದ.

ಎಂಟೂವರೆಗೆ ಮನೆಯಲ್ಲಿ ಚಹಾಕ್ಕಿಟ್ಟು, ರೈಲು ಗೆಳೆಯರ ಗುಂಪಿಗೆ ಚಿತ್ರ ಕಳಿಸಿದ: ‘ತಳೇಗಾಂವ, ಇಂದು ಬೆಳಿಗ್ಗೆ 7.50.’ ಗಾಡಿಯ ಹೊತ್ತನ್ನು ಬೇರೆಲ್ಲೂ ವಿಚಾರಿಸುವ ಅಗತ್ಯವೇ ಇರಲಿಲ್ಲ. ಅದು ಸರಿಯಾದ ಸಮಯಕ್ಕೆ ಬಂದದ್ದನ್ನು ತಾನೇ ಕಣ್ಣಾರೆ ಕಂಡಿದ್ದ.

ಸಂಜೆಗೆ ಹೆಣ ಸಿಕ್ಕಿತು. ಕಾಲು ಜಾರಿ ಬಿದ್ದನೆಂದು ಎಲ್ಲರೂ ಅಂದರು. ಯಾರೂ ಅವಧೂತನನ್ನು ಏನೂ ಕೇಳಲಿಲ್ಲ. ಮೂರನೆಯ ದಿನ ಖಡಕಿಯಲ್ಲಿ ಋಷಿಕೇಶನ ಮನೆಗೆ ಹೋಗಿ, ಅವನ ಹೆಂಡತಿ ಹರ್ಷದಾಳ ಮುಂದೆ ತಲೆ ತಗ್ಗಿಸಿ ಕೂತ. ಮೂಲೆಯ ಕುರ್ಚಿಯಲ್ಲಿ ಬೆಳಗಾವಿ ಕಡೆಯ ಇನ್ಸ್‌ಪೆಕ್ಟರ್ ರಾಜೀವ ಕೂತಿದ್ದ. ಗಂಡ ಅವತ್ತು ಮನೆಯಲ್ಲೇ ಬಿಟ್ಟು ಹೋಗಿದ್ದ ಫೋನನ್ನು ಹರ್ಷದಾ ಅವನ ಕೈಗೆ ಕೊಟ್ಟಿದ್ದಳು.

“ನೀವು ಗುಂಪಿಗೆ ಹಾಕಿದ ಫೋಟೋ ಭಾಳ ಛಲೋ ಬಂದದ್ರಿ,” ಅಂದ ರಾಜೀವ. “ಅವತ್ತಿಂದು ಹೌದಲ್ರಿ?”

“ಹೌದ್ರಿ. ನಾನ ನಿಂತು ತಗದದ್ದು.”

“ವ್ಯಾಳ್ಯಾ?”

“ಏಳೂ ಐವತ್ತು. ನನ್ನ ಕ್ಯಾಮರಾದ ಗಡಿಯಾರ ಒಂದು ಸೆಕೆಂಡೂ ತಪ್ಪೂದಿಲ್ರಿ.”

ರಾಜೀವ ಫೋನನ್ನು ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ. “ಅದ ನನಗ ತಿಳೀವಲ್ದು ನೋಡ್ರಿ. ಗಾಡಿ ಬಾಗಲದಾಗ ನಿಂತಿದ್ದ ಒಬ್ಬಾಕಿ ಹೆಣ್ಣಮಗಳು, ನಿಮ್ಮ ದೋಸ್ತ ನೀರಾಗ ಕೈ ಬಡಿಯೂದು ನೋಡಿ ಚೈನ್ ಎಳದಾಳ್ರಿ. ಎಂಟೂ ಹತ್ತರ ತನಕಾ ಆ ಗಾಡಿ ದಾಪೋಡಿ ದಾಟಿ ಹೋಗಿದ್ದಿಲ್ಲ.”