ಕೆಮ್ಮಿ ಬರುವ ಡ್ರೋನ್

ಡ್ರೋನ್ ಹಗೇದಾಳರ ಮಾಳಿಗೆಯ ಹತ್ತಿರ ಬಂತು. ಅಂಚು ಇನ್ನೂ ದೂರವಿರುವಾಗಲೇ ಗಾಳಿಯಲ್ಲಿ ನಿಂತುಕೊಂಡು ಕೆಮ್ಮಿತು. ಅದು ಯಂತ್ರದ ಕೆಮ್ಮಲ್ಲ. ನಿವೃತ್ತ ಬಸ್ ಕಂಡಕ್ಟರ್ ಸಂಗನಬಸು ಬರಕಿಯ ಕೆಮ್ಮು, ಊರೂರಿನ ಧೂಳು ಕುಡಿದು ಮಾಗಿದ್ದು. ಮಾಳಿಗೆಯ ಮೇಲೆ ಬಣ್ಣದ ನೂಲಿನ ಲಡಿ ಒಣಹಾಕುತ್ತಿದ್ದ ಹೆಂಗಸು ತಲೆ ಎತ್ತದೆಯೇ “ಬರ್ರಿ ಕಾಕಾ” ಅಂದಳು. ಡ್ರೋನ್ ಅವಳ ತಲೆಯ ಮೇಲೆ ಬಾರದಂತೆ, ಲಡಿಗಳಿಗೆ ಗಾಳಿ ತಾಗದಂತೆ ಒಂದು ಮೂಲೆಯಿಂದ ದಾಟಿ, ಮುಂದಿನ ಮನೆಯ ಅಂಚಿನಲ್ಲಿ ನಿಂತು ಮತ್ತೆ ಕೆಮ್ಮಿತು. ಅಲ್ಲಿ ಯಾರೂ ಓಗೊಡಲಿಲ್ಲ. ಅದು ಹಿಂದೆ ಸರಿದು, ಓಣಿಯ ಮೇಲಿನಿಂದ ಸುತ್ತು ಹಾಕಿಕೊಂಡು ಗುಡ್ಡದ ಕಡೆ ಹೋಯಿತು.

2056ರ ಗುಳೇದಗುಡ್ಡದಲ್ಲಿ ಮೊದಮೊದಲು ಇದು ದಿನದ ನೋಟವಾಗಿತ್ತು. ಅದಕ್ಕೂ ಎರಡು ವರ್ಷದ ಹಿಂದೆ ಹೀಗಿರಲಿಲ್ಲ. ಡ್ರೋನ್ ಹಾರಿಸುವವರೇನು ಕೆಟ್ಟವರಲ್ಲ, ಲಕ್ಷ್ಯವಿಲ್ಲದವರು. ಕೈಯಲ್ಲಿರುವ ಪರದೆಯ ಮೇಲೆ ಅವರಿಗೆ ಚಿತ್ರ ಕಾಣುತ್ತದೆ, ಕೆಳಗಿರುವ ಮನುಷ್ಯ ಕಾಣುವುದಿಲ್ಲ. ಒಬ್ಬನ ಡ್ರೋನ್ ನೂಲಿನ ಲಡಿಗೆ ಸಿಕ್ಕಿ ವಾರದ ದುಡಿಮೆ ಹಾಳು ಮಾಡಿತು. ಇನ್ನೊಬ್ಬನದು ಹಿತ್ತಲಿನ ಬಚ್ಚಲ ಮೇಲೆ ಬಂದು ನಿಂತಿತು. ಜನ ಕಲ್ಲು ತೂರಿದರು. ಪುರಸಭೆ ಊರ ಮೇಲೆ ಹಾರಾಟವನ್ನೇ ನಿಲ್ಲಿಸಿತು.

ಆಗ ಬಂದವಳು ಸಿಂಚನಾ ಹಾದಿಮನಿ. ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಧ್ವನಿವಿಜ್ಞಾನ ಕಲಿಸುತ್ತಿದ್ದಳು. ತವರು ಇದೇ ಊರು. ಅವಳಿಗೂ ಡ್ರೋನ್ ಹುಚ್ಚಿತ್ತು, ಜೊತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಈ ಕಡೆಯ ಗಂಡಸರು ಪರರ ಮನೆಯೊಳಗೆ ಕಾಲಿಡುವ ಮೊದಲು ಹೊರಗೆ ನಿಂತು ಒಮ್ಮೆ ಕೆಮ್ಮುತ್ತಾರೆ. ಒಳಗಿನವರು ಸೆರಗು ಸರಿಮಾಡಿಕೊಳ್ಳಲಿ, ಮಲಗಿದವರು ಎದ್ದು ಕೂರಲಿ ಎಂದು. ಇಷ್ಟು ರೀತಿ-ರಿವಾಜು ಮನುಷ್ಯನಿಗಿದ್ದರೆ ಅವನ ಯಂತ್ರಕ್ಕೇಕೆ ಇರಬಾರದು ಎಂದು ಅವಳು ಕೇಳಿಕೊಂಡಳು. ಅದರಿಂದ ಹುಟ್ಟಿದ್ದು ‘ಹೊಸ್ತಿಲು’ ಎಂಬ, ಡ್ರೋನಿಗೆ ಕಟ್ಟುವ ಕಡ್ಡಿಪೆಟ್ಟಿಗೆಯಷ್ಟು ಸಣ್ಣ ಸಾಧನ.

ಕಿವಿಗೆ ಕೇಳಿಸದಷ್ಟು ಕೀರಲಾದ ಎರಡು ಧ್ವನಿಗಳನ್ನು ಒಂದೇ ಜಾಗಕ್ಕೆ ಗುರಿಯಿಟ್ಟರೆ, ಅವು ಕೂಡುವಲ್ಲಿ ಮಾತ್ರ ಕೇಳಿಸುವ ಧ್ವನಿ ಹುಟ್ಟುತ್ತದೆ. ಹಾಗಾಗಿ ಕೆಮ್ಮು ಆ ಒಂದು ಮನೆಗಷ್ಟೇ ಕೇಳುತ್ತದೆ. ಪೆಟ್ಟಿಗೆಯ ಕಿವಿ ರೆಕ್ಕೆಯ ಸದ್ದನ್ನು ಸೋಸಿ ತೆಗೆದು ಉತ್ತರಕ್ಕೆ ಕಾಯುತ್ತದೆ. ಉತ್ತರ ಬರುವವರೆಗೆ ಡ್ರೋನ್ ಮುಂದೆ ಹೋಗದು, ಕ್ಯಾಮೆರಾದ ರೆಪ್ಪೆ ತೆರೆಯದು. ಕೆಮ್ಮು ಹಾರಿಸುವವನದೇ ಆಗಿರಬೇಕು, ಬಂದವರು ಯಾರೆಂದು ಮನೆಯವರಿಗೆ ತಿಳಿಯಲಿ ಎಂದು. ಪುರಸಭೆ ಯುಗಾದಿಯವರೆಗೆ ಪರೀಕ್ಷೆಗೆ ಬಿಟ್ಟಿತು. ಆದರೆ ಒಂದೇ ಒಂದು ತಕರಾರು ಬಂದರೂ ಹಾರಾಟ ಕಾಯಂ ಬಂದ್, ಹೊಸ್ತಿಲೂ ಬಂದ್ ಎಂದು ಖಂಡಿತವಾಗಿ ಹೇಳಿತು.

ಆ ತಕರಾರು ಸಿಂಚನಾಳ ಸ್ವಂತ ಅಕ್ಕನ ಮನೆಯಲ್ಲೇ ಹುಟ್ಟಿತು.

ಅಕ್ಕ ವಿದ್ಯಾಶ್ರೀಯ ಮಗಳು ಹೆರಿಗೆಗೆ ಬಂದವಳು, ಮೈಗೆ ಎಣ್ಣೆ ಹಚ್ಚಿಸಿಕೊಂಡು ಕೂಸಿನೊಂದಿಗೆ ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಕೂತಿದ್ದಳು. ಬರಕಿಯ ಡ್ರೋನ್ ಬಂದು ಕೆಮ್ಮಿತು. ಕೆಳಗೆ ರೊಟ್ಟಿ ಬಡಿಯುತ್ತಿದ್ದ ವಿದ್ಯಾಶ್ರೀ “ಬರ್ರಿ ಕಾಕಾ” ಅಂದಳು. ಡ್ರೋನ್ ಬಂತು. ಬಾಣಂತಿ ಬೆಚ್ಚಿ, ಕೂಸನ್ನು ಎದೆಗವಚಿಕೊಂಡು ಎದ್ದಳು. ಎಣ್ಣೆಯ ಕಾಲು ಜಾರಿ ಮೊಣಕೈ ಗೋಡೆಗೆ ಬಡಿಯಿತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಮನೆಯ ಅಳಿಯ, ಸೋಮವಾರ ಪುರಸಭೆಗೆ ಹೋಗಿ ತಕರಾರು ಕೊಡುವುದಾಗಿ ಓಣಿಗೆಲ್ಲ ಕೇಳುವಂತೆ ಹೇಳಿದ.

ಸಿಂಚನಾ ಮೊದಲು ಬರಕಿಯ ಮೇಲೆ ಹರಿಹಾಯ್ದಳು. ಆತ ಪರದೆಯಲ್ಲಿ ಬಾಣಂತಿ ಕಂಡ ಕೂಡಲೇ ಡ್ರೋನ್ ತಿರುಗಿಸಿದ್ದ, ಅವಮಾನದಿಂದ ಮುಖ ಕಪ್ಪಿಟ್ಟಿತ್ತು.

“ಕರದ್ರು, ಹೋದೆ,” ಅಂದ. “ಟಿಕೀಟ್ ಇಲ್ಲದ ಯಾರನ್ನೂ ಒಳಗ ಬಿಟ್ಟಾಂವಲ್ಲ ನಾ. ನಾನ ಹಂಗ ಹೊಕ್ಕೀನೇನು?”

ಅವಳು ಪೆಟ್ಟಿಗೆಯ ದಾಖಲೆ ತೆಗೆದು ಕೇಳಿದಳು. “ಬರ್ರಿ ಕಾಕಾ.” ಸ್ಪಷ್ಟವಾಗಿತ್ತು. ಯಂತ್ರದ ತಪ್ಪಿಲ್ಲ, ಬರಕಿಯ ತಪ್ಪಿಲ್ಲ. ಹಾಗಾದರೆ ಅಕ್ಕನ ತಪ್ಪು. ಮಾಳಿಗೆಯ ಮೇಲೆ ಬಾಣಂತಿ ಇರುವಾಗ ‘ಬರ್ರಿ’ ಎಂದವಳು ಅವಳೇ ತಾನೆ? ಇದನ್ನು ಮುಖಕ್ಕೆ ಹೇಳಿ ಬಾಯಿ ಮುಚ್ಚಿಸುತ್ತೇನೆಂದು, ದಾಖಲೆಯನ್ನು ಜೇಬಿನಲ್ಲಿಟ್ಟುಕೊಂಡು ಸಿಂಚನಾ ಹೊರಟಳು.

ಅಕ್ಕನ ಮನೆಗೆ ಅವಳು ಎಂದೂ ಕೂಗಿ ಹೋದವಳಲ್ಲ, ನೇರ ಒಲೆಯ ಮುಂದೆ ಹೋಗಿ ಕೂರುವವಳು. ಅಂದು ಕಾಲು ಬಾಗಿಲಲ್ಲೇ ನಿಂತವು. “ಅಕ್ಕಾ” ಅಂದಳು. ಒಳಗಿನಿಂದ “ಬಾ” ಎಂದು ಉತ್ತರ ಬಂತು. ರೊಟ್ಟಿ ಬಡಿಯುವ ಸದ್ದು ಮಾತ್ರ ನಿಲ್ಲಲಿಲ್ಲ. ಸಿಂಚನಾಳ ಬಾಯಿಂದ ತಾನಾಗಿಯೇ ಹೊರಟಿತು, “ಇರ್ಲಿ ಬಿಡಕ್ಕಾ, ಮತ್ತ ಬರ್ತೀನಿ.”

ಈ ಊರಲ್ಲಿ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಕರೆದವರು ನಿಜವಾಗಿ ಕರೆದಿದ್ದರೆ ಬಾಗಿಲಿಗೆ ಬರುತ್ತಾರೆ, ಬೈಯುತ್ತಾರೆ, ರಟ್ಟೆ ಹಿಡಿದು ಒಳಗೆ ಎಳೆಯುತ್ತಾರೆ. ಬಂದವರು ಮೊದಲ ಸಲ ‘ಇರ್ಲಿ’ ಅನ್ನುವುದು ಒಲ್ಲದೆ ಅಲ್ಲ, ಒಳಗಿನವರಿಗೆ ತಪ್ಪಿಸಿಕೊಳ್ಳಲು ಒಂದು ದಾರಿ ಬಿಡಲಿಕ್ಕೆ. ಹೊಸ್ತಿಲಿಗೆ ಬಂದ ವೈರಿಗೂ ‘ಬ್ಯಾಡ’ ಅನ್ನುವ ಬಾಯಿ ಇಲ್ಲಿ ಯಾರಿಗೂ ಇಲ್ಲ. ಆ ‘ಬರ್ರಿ’ ಉಸಿರಾಟದಂತೆ ಬರುತ್ತದೆ.

ಒಳಗೆ ರೊಟ್ಟಿಯ ಸದ್ದು ನಡೆದೇ ಇತ್ತು. ಎರಡನೇ ಸಲ ಯಾರೂ ಕರೆಯಲಿಲ್ಲ.

ಸಿಂಚನಾ ಅಲ್ಲೇ ನಿಂತು ತನ್ನನ್ನೇ ಬೈದುಕೊಂಡಳು. ಸಾವಿರಾರು ಮಂದಿಯ ಧ್ವನಿ ಕೇಳಿಸಿ ‘ಬಾ’ ಎಂಬುದನ್ನು ಯಂತ್ರಕ್ಕೆ ಕಲಿಸಿದ್ದಳು. ಈ ಊರಲ್ಲೇ ಹುಟ್ಟಿ ಬೆಳೆದವಳು, ರೀತಿಯ ಅರ್ಧ ಮಾತ್ರ ಕಲಿಸಿ ಅರ್ಧ ಬಿಟ್ಟಿದ್ದಳು. ದಾಖಲೆ ಜೇಬಿನಿಂದ ಹೊರಗೆ ಬರಲೇ ಇಲ್ಲ. ಅಲ್ಲಿಂದ ನೇರ ಪುರಸಭೆಯ ಅಧ್ಯಕ್ಷರ ಮನೆಗೆ ಹೋಗಿ, ತನ್ನ ಸಾಧನದಲ್ಲಿ ದೋಷವಿದೆ, ಸರಿಮಾಡುವವರೆಗೆ ಊರ ಎಲ್ಲ ಡ್ರೋನ್‌ಗಳನ್ನು ತಾನೇ ಕೆಳಗಿಳಿಸಿದ್ದೇನೆ ಎಂದು ಹೇಳಿ ಬಂದಳು. ಹವ್ಯಾಸಿಗಳು ಸಿಟ್ಟಾದರು. ಅವರು ಒಂದು ಅಂದರೆ ಇವಳು ಎರಡು ಅಂದಳು.

ತಿದ್ದುವ ಕೆಲಸ ದೊಡ್ಡದಲ್ಲ. ಮೊದಲ ‘ಬರ್ರಿ’ಗೆ ಡ್ರೋನ್ ‘ಇರ್ಲಿ ಬಿಡ್ರಿ’ ಎಂದು ಹಿಂದೆ ಸರಿಯಬೇಕು. ಮನೆಯವರು ತಾವಾಗಿ ಮತ್ತೆ ಕರೆದರೆ ಮಾತ್ರ ಮುಂದೆ ಹೋಗಬೇಕು. ಅದಕ್ಕೆ ಪ್ರತಿಯೊಬ್ಬನೂ ತನ್ನ ನಿರಾಕರಣೆಯನ್ನು ತನ್ನ ದನಿಯಲ್ಲೇ ದಾಖಲಿಸಬೇಕಿತ್ತು. ಬರಕಿ ಮಾತ್ರ ಹಟ ಹಿಡಿದ.

“ನಿವೃತ್ತಿ ಆದ ಮ್ಯಾಲೆ ನನ್ನ ಕರಿಯೋರ ಕಡಿಮಿ,” ಅಂದ. “ಕರದಲ್ಲೂ ಒಲ್ಲೆ ಅನ್ನಲೇನವಾ?”

“ಒಮ್ಮೆ ಒಲ್ಲೆ ಅಂದು ನೋಡ್ರಿ ಕಾಕಾ,” ಅಂದಳು ಸಿಂಚನಾ. “ಖರೇ ಕರಿಯೋರು ಯಾರಂತ ಆವಾಗ ಗೊತ್ತಾಗ್ತದ.”

ಭಾನುವಾರ ಬೆಳಿಗ್ಗೆ ಅವಳು ತನ್ನದೇ ಡ್ರೋನ್ ಹಿಡಿದು ಅಕ್ಕನ ಓಣಿಗೆ ಬಂದಳು. ಮಾಳಿಗೆಯ ಮೆಟ್ಟಿಲ ಮೇಲೆ ಅಳಿಯ ಕೈಕಟ್ಟಿ ನಿಂತಿದ್ದ. ನಾಳೆ ಸೋಮವಾರ. ಡ್ರೋನ್ ಮೇಲೇರಿ, ಗೋಡೆಯಿಂದ ದೂರ ನಿಂತು, ಅವಳ ದನಿಯಲ್ಲಿ ಸಣ್ಣಗೆ ಕೆಮ್ಮಿತು. ಅಂದು ಮಾಳಿಗೆಯ ಮೇಲೆಯೇ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದ ವಿದ್ಯಾಶ್ರೀಯ “ಬಾ” ಬಂತು, ಅದೇ ಒಣ “ಬಾ”. ಡ್ರೋನ್ “ಇರ್ಲಿ ಬಿಡಕ್ಕಾ” ಎಂದು ಹಿಂದೆ ಸರಿಯಿತು. ರೆಪ್ಪೆ ಮುಚ್ಚಿಯೇ ಇತ್ತು. ಅಳಿಯ ಅದು ಹೋಗುವುದನ್ನೇ ನೋಡುತ್ತಿದ್ದ, ಕಟ್ಟಿದ ಕೈ ಸಡಿಲವಾದವು. ಸಿಂಚನಾಳಿಗೆ ಅಷ್ಟು ಸಾಕಿತ್ತು. ಯಂತ್ರ ಈಗ ಸರಿಯಿದೆ, ಅಕ್ಕನ ಸಿಟ್ಟು ಅಕ್ಕನಿಗೆ ಬಿಟ್ಟದ್ದು ಎಂದುಕೊಂಡು ತಿರುಗಿದಳು.

ವಿದ್ಯಾಶ್ರೀ ಹಿಟ್ಟಿನ ಕೈಯಲ್ಲೇ ಮಾಳಿಗೆಯ ಅಂಚಿಗೆ ಬಂದು ಬಗ್ಗಿ ನೋಡಿದಳು. “ಅದನ್ನ ಎಲ್ಲೆರ ಇಡು, ನೀ ಬಾ. ರೊಟ್ಟಿ ಆರತಾವ.”

ಈ ಉತ್ತರ ಹೊಸ್ತಿಲಿಗೆ ತಿಳಿಯಲಿಲ್ಲ. ಅದರ ಲೆಕ್ಕದಲ್ಲಿ ಒಪ್ಪಿಗೆ ಇತ್ತು, ಒಲ್ಲೆ ಇತ್ತು, ಮೌನ ಇತ್ತು. ಯಂತ್ರವನ್ನು ಬಿಟ್ಟು ಮನುಷ್ಯನನ್ನು ಕರೆಯುವ ಮಾತಿಗೆ ಜಾಗವಿರಲಿಲ್ಲ. ಸಿಂಚನಾ ಕಲಿಸಲೂ ಹೋಗಲಿಲ್ಲ. ಡ್ರೋನನ್ನು ಎದುರುಮನೆಯ ಕಟ್ಟೆಯ ಮೇಲಿಳಿಸಿ ಮೆಟ್ಟಿಲು ಹತ್ತಿದಳು. ಅಳಿಯ ಪಕ್ಕಕ್ಕೆ ಸರಿದು ದಾರಿ ಕೊಟ್ಟ. ಸೋಮವಾರ ಅವನು ಎಲ್ಲಿಗೂ ಹೋಗಲಿಲ್ಲ.

ಹೊಸ ರೀತಿ ಬಂದ ಮೇಲೆ ದಾಟಬಹುದಾದ ಮಾಳಿಗೆಗಳು ಕಡಿಮೆಯಾದವು, ನಿಜ. ಹಾರಿಸುವವರು ಓಣಿಯ ಗುಂಟ ಸುತ್ತಿ ಗುಡ್ಡಕ್ಕೆ ಹೋಗುವುದನ್ನು ಕಲಿತರು. ಆದರೆ ಕಲ್ಲು ತೂರುವವರು ಇಲ್ಲವಾದರು. ಎರಡು ಸಲ ಕರೆಯುವ ಮನೆಗಳು ಬರಕಿಗೆ ಬೆರಳೆಣಿಕೆಯಷ್ಟು ಸಿಕ್ಕವು. ಆ ಮನೆಗಳಿಗೆ ಈಗ ಆತ ಡ್ರೋನ್ ಕಳಿಸುವುದಿಲ್ಲ, ತಾನೇ ನಡೆದು ಹೋಗಿ ಚಹಾ ಕುಡಿದು ಬರುತ್ತಾನೆ. ಹೊಸ್ತಿಲು ಮುಂದೆ ಬೇರೆ ನಾಡುಗಳಿಗೂ ಹೋಯಿತು. ಅದನ್ನು ಕೊಳ್ಳಲು ಬಂದ ಎಂಜಿನಿಯರುಗಳಿಗೆ ಸಿಂಚನಾ ಹೇಳುತ್ತಿದ್ದದ್ದು ಒಂದೇ ಮಾತು. ನಿಮ್ಮ ಜನ ಒಲ್ಲೆ ಎಂಬುದನ್ನು ಬಾಯಿಬಿಡದೆ ಹೇಗೆ ಹೇಳುತ್ತಾರೆಂದು ಮೊದಲು ತಿಳಿದುಕೊಂಡು ಬನ್ನಿ, ಆಮೇಲೆ ಪೆಟ್ಟಿಗೆ ಮುಟ್ಟಿ.

ಅಂಥ ಪೆಟ್ಟಿಗೆ ಬರಲು ನಮಗಿನ್ನೂ ವರ್ಷಗಳಿವೆ. ಇವತ್ತು ಅಂಗಡಿಯಿಂದ ಡ್ರೋನ್ ಕೊಂಡು ತಂದವನ ಹತ್ತಿರ ಅದಿಲ್ಲ. ಆದರೆ ಹಾರಿಸುವ ಮೊದಲು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಲ್ಲಲು ಅವನಿಗೆ ಕಾಲಿವೆ, ಕೆಮ್ಮಲು ಗಂಟಲಿದೆ. ಒಳಗಿನವರು ‘ಬರ್ರಿ’ ಅಂದ ಮೇಲೂ ಒಂದು ಗಳಿಗೆ ಅಲ್ಲೇ ನಿಂತು, ಇನ್ನೊಮ್ಮೆ ಕರೆಯುತ್ತಾರೋ ಇಲ್ಲವೋ ಎಂದು ಕೇಳಿಸಿಕೊಳ್ಳಲು ಕಿವಿಯೂ ಇದೆ.