ಮಾವನವರ ಮಗುಚು ವಾಚು

ಮದುವೆಯಲ್ಲಿ ಅಳಿಯನ ಕೈಗೆ ಎಂಥ ವಾಚು ಕಟ್ಟುತ್ತಾರೋ ಅಷ್ಟೇ ಅವನ ಯೋಗ್ಯತೆ ಎಂದು ಬಸವಪ್ರಭು ನಂಬಿದ್ದ. ನಂಬದೆ ಏನು ಮಾಡಿಯಾನು? ಪುಣೆಯ ಲಕ್ಷ್ಮೀ ರಸ್ತೆಯ ದೊಡ್ಡ ವಾಚಿನ ಅಂಗಡಿಯಲ್ಲಿ ಅವನು ಹಿರಿಯ ಸೇಲ್ಸ್‌ಮನ್. ದಿನವಿಡೀ ಮಾವಂದಿರಿಗೆ ವಾಚು ತೋರಿಸುವುದೇ ಅವನ ಕೆಲಸ. ಮಾವ ಯಾವ ಗಾಜಿನ ಕಪಾಟಿನ ಮುಂದೆ ನಿಂತ ಎಂಬುದನ್ನು ನೋಡಿಯೇ ಅಳಿಯ ಡಾಕ್ಟರೋ ಗುಮಾಸ್ತನೋ ಹೇಳಿಬಿಡುತ್ತಿದ್ದ. ಇಂಥವನಿಗೆ 1990ರಲ್ಲಿ, ಅವನದೇ ಮದುವೆಯಲ್ಲಿ, ಮಾವ ಶಿವರುದ್ರಪ್ಪನವರು ಕಟ್ಟಿದ್ದು ಒಂದು ಎಚ್‌ಎಂಟಿ. ಒಳ್ಳೆಯ ವಾಚು, ಸರಿಯಾದ ಹೊತ್ತು ತೋರಿಸುವ ವಾಚು, ಆ ಬಗ್ಗೆ ತಕರಾರಿಲ್ಲ. ಆದರೆ ಮಾವನವರ ತಿಜೋರಿಯಲ್ಲಿ ಅದೇ ಹೊತ್ತಿನಲ್ಲಿ ಇನ್ನೊಂದು ವಾಚು ಹಾಯಾಗಿ ಮಲಗಿತ್ತು.

ಸದಾಶಿವ ಪೇಠೆಯ ಮಾವನ ಮನೆಗೆ ಹೋದವರು ಆ ವಾಚಿನ ಕತೆ ಕೇಳದೆ ಹೊರಗೆ ಬಂದದ್ದೇ ಇಲ್ಲ. ಶಿವರುದ್ರಪ್ಪನವರ ತಂದೆ ಬಾಗಲಕೋಟೆಯಿಂದ ಬಂದು ಪುಣೆಯ ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅವರಲ್ಲಿ ಕುದುರೆ ಸವಾರಿಯ ಚಲ್ಲಣಕ್ಕೆ ಬಟ್ಟೆ ಕೊಳ್ಳುತ್ತಿದ್ದ ಬಿಳಿಯ ಅಧಿಕಾರಿಯೊಬ್ಬ, ಸ್ವಾತಂತ್ರ್ಯ ಬಂದ ವರ್ಷ ಗಂಟುಮೂಟೆ ಕಟ್ಟುವಾಗ, ನೆನಪಿಗಿರಲಿ ಎಂದು ಕೈಯಿಂದ ಬಿಚ್ಚಿ ಕೊಟ್ಟುಹೋದ ಸ್ವಿಸ್ ವಾಚು. ಉದ್ದ ಚೌಕ, ಮೇಲೆ ಕೆಳಗೆ ಮೂರು ಮೂರು ಗೆರೆ. ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ವಾಚಿನ ಡಬ್ಬಿ ತನ್ನ ಚೌಕಟ್ಟಿನೊಳಗೇ ಮಗುಚಿಕೊಂಡು ಬೋರಲು ಮಲಗುತ್ತದೆ. ಗಾಜು ಒಳಗೆ, ಉಕ್ಕಿನ ಬೆನ್ನು ಹೊರಗೆ. ಪೋಲೋ ಆಡುವಾಗ ಕೋಲೋ ಚೆಂಡೋ ಬಡಿದು ಗಾಜು ಒಡೆಯದಿರಲಿ ಎಂದು ಹೂಡಿದ ಹಿಕ್ಮತ್ತು.

ಬಸವಪ್ರಭುವಿಗೆ ಅದರ ಕುಲಗೋತ್ರವೆಲ್ಲ ಬಾಯಿಪಾಠ. ಹುಟ್ಟಿದ್ದು 1931ರಲ್ಲಿ, ಬೋಳು ಬೆನ್ನಿನೊಂದಿಗೆ. ಇಷ್ಟು ಚಂದದ ಜಾಗ ಸುಮ್ಮನೆ ಬಿಡುವುದುಂಟೇ ಎಂದು ಶ್ರೀಮಂತರು ಅಲ್ಲಿ ತಮ್ಮ ಹೆಸರಿನ ಅಕ್ಷರ, ಮನೆತನದ ಲಾಂಛನ, ಬಣ್ಣದ ಚಿತ್ರ ಬಿಡಿಸಿಕೊಂಡರು. ಯುದ್ಧ ಮುಗಿದ ಮೇಲೆ ದುಂಡು ವಾಚಿನ ಶೋಕಿ ಬಂತು, ಚೌಕದ್ದನ್ನು ಕೇಳುವವರಿಲ್ಲವಾಯಿತು. ಆಮೇಲೆ ಬ್ಯಾಟರಿ ವಾಚು ಬಂದು ಇದ್ದಬದ್ದ ಮರ್ಯಾದೆಯನ್ನೂ ಕಳೆಯಿತು. ಮಾಡಿದವರೇ ಮರೆತು ಕೂತಿದ್ದಾಗ ಇಟಲಿಯ ವ್ಯಾಪಾರಿಯೊಬ್ಬ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಡಬ್ಬಿಗಳನ್ನೆಲ್ಲ ಎತ್ತಿಕೊಂಡು ಹೋಗಿ, ಯಂತ್ರ ಕೂರಿಸಿ, ಮಾರಿ ತೋರಿಸಿದನಂತೆ. ಅಲ್ಲಿಂದ ಮರುಜನ್ಮ. ತೊಂಬತ್ತರ ದಶಕದಲ್ಲಂತೂ ಅದು ಮೈಕೈ ತುಂಬಿಕೊಂಡು ದೊಡ್ಡದಾಯಿತು. ಬೆನ್ನಿಗೂ ಒಂದು ಡಯಲು ಬಂದು, ಈ ಕಡೆ ನಮ್ಮೂರಿನ ಹೊತ್ತು, ಮಗುಚಿದರೆ ಪರದೇಶದ ಹೊತ್ತು ತೋರಿಸತೊಡಗಿತು. ಹೀಗೆ ಮಕ್ಕಳು ಮೊಮ್ಮಕ್ಕಳು ಮೆರೆದಷ್ಟೂ ಆ ಹಳೆಯ, ಸಣ್ಣ, ಬೋಳು ಬೆನ್ನಿನ ಅಜ್ಜನಿಗೆ ಮುಂಬಯಿಯ ಶೋಕಿಲಾಲರು ಬಾಯಿಬಾಯಿ ಬಿಡುತ್ತಿದ್ದರು.

ಎಚ್‌ಎಂಟಿಯನ್ನು ಅವನು ನುಂಗಿಕೊಂಡದ್ದು ಒಂದೇ ಆಸೆಯಿಂದ. ಮಾವನಿಗೆ ಗಂಡುಮಕ್ಕಳಿಲ್ಲ, ಹಿರಿಯಳಿಯ ತಾನು, ವಾಚು ಇನ್ನೆಲ್ಲಿ ಹೋದೀತು? ವರ್ಷಗಟ್ಟಲೆ ನಿಷ್ಠೆಯಿಂದ ಅಳಿಯತನ ಮಾಡಿದ. ಮಾವನ ಜೊತೆ ಜೇಜುರಿಯ ಗುಡಿಯ ಮೆಟ್ಟಿಲು ಹತ್ತಿ ಮೈತುಂಬ ಭಂಡಾರದ ಅರಿಶಿನ ಹಚ್ಚಿಕೊಂಡ. ಅತ್ತೆ ಪಾರವ್ವನ ಮೊಣಕಾಲಿಗೆ ಊರಲ್ಲಿರುವ ಎಣ್ಣೆಗಳನ್ನೆಲ್ಲ ತಂದುಕೊಟ್ಟ. ಹೆಂಡತಿ ಶೈಲಶ್ರೀ ಕೂಡ, ಇಂಥ ಗಂಡ ಯಾರಿಗುಂಟು ಎಂದು ಬೀಗುತ್ತಿದ್ದಳು. 1998ರ ಬೇಸಿಗೆಗೆ ನಾದಿನಿ ದೀಪಾಲಿಯ ಮದುವೆ ಗೊತ್ತಾಯಿತು. ವರನ ಹೆಸರು ಅಮರ, ಪುಣೆಯ ಹೊರವಲಯದ ನಿಗಡಿಯವನು, ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಒಂದು ಭಾನುವಾರ ಶಿವರುದ್ರಪ್ಪನವರು ತಿಜೋರಿಯಿಂದ ವಾಚು ತೆಗೆದು ಬಸವಪ್ರಭುವಿನ ಕೈಗಿಟ್ಟರು.

"ಅಳಿಯಾರ, ಇದನ್ನ ಲಗ್ನದಾಗ ಅಮರಗ ಕಟ್ಟಬೇಕಂತ ಮಾಡೀನಿ. ಒಮ್ಮೆ ಬಿಚ್ಚಿಸಿ, ಎಣ್ಣಿ ಹಾಕಿಸಿ ಕೊಡ್ರಿ. ನಿಮ್ಮಷ್ಟು ತಿಳದವರು ಮತ್ತ್ಯಾರದಾರ?"

"ಅದಕ್ಕೇನ್ರಿ ಮಾವಾರ, ಭಾಳ ಛಲೋ ಮಾಡಿಸಿ ಕೊಡೋಣು," ಎಂದು ಬಸವಪ್ರಭು ಹಲ್ಲು ಕಾಣುವಂತೆ ನಕ್ಕ.

ಹೊಟ್ಟೆಯೊಳಗೆ ಬೆಂಕಿ ಬಿದ್ದಿತ್ತು. ಆದರೆ ಸ್ಕೂಟರ್ ಹತ್ತಿ ಎರಡು ಚೌಕ ದಾಟುವಷ್ಟರಲ್ಲಿ ಅದೇ ಬೆಂಕಿಯ ಮೇಲೆ ಒಂದು ಉಪಾಯ ಕುದಿಯತೊಡಗಿತು, ಮೂರನೆಯ ಚೌಕದ ಸಿಗ್ನಲ್ಲಿನಲ್ಲಿ ಅವನಿಗೆ ಒಬ್ಬನಿಗೇ ನಗು ಬಂತು. ಪಕ್ಕದ ರಿಕ್ಷಾದವನು ತಿರುಗಿ ನೋಡಿದ. ಬಸವಪ್ರಭು ಅವನಿಗೂ ಒಂದು ನಮಸ್ಕಾರ ಹೊಡೆದ.

ಅವಸರದ ಕಳ್ಳನಾಗಿದ್ದರೆ ವಾಚು ಅಂಗಡಿಯಲ್ಲಿರುವಾಗಲೇ ಅದರ ಜಾಗಕ್ಕೆ ನಕಲಿ ಇಟ್ಟು ಬದಲಿಸುತ್ತಿದ್ದ, ನಾಳೆ ಗೊತ್ತಾದರೆ ಎಲ್ಲರ ಬೆರಳೂ ನೇರ ಅವನ ಕಡೆಗೇ ತಿರುಗುತ್ತಿತ್ತು. ಬಸವಪ್ರಭು ಅಷ್ಟು ದಡ್ಡನಲ್ಲ. ಅಸಲಿಯನ್ನು ಅಸಲಿಯಾಗಿಯೇ ಹಿಂತಿರುಗಿಸುವುದು. ಮಾವ ಅದನ್ನು ನೆಂಟರಿಗೆಲ್ಲ ತೋರಿಸಲಿ, ಬೇಕಾದರೆ ಬೇರೆ ಅಂಗಡಿಯಲ್ಲಿ ಪರೀಕ್ಷೆಯನ್ನೂ ಮಾಡಿಸಲಿ. ಮದುವೆಯ ದಿನ, ನೂರು ಜನ ಒಳಗೆ ಹೊರಗೆ ಓಡಾಡುವ ಗದ್ದಲದಲ್ಲಿ, ವಾಚು ಬದಲಾಗಬೇಕು. ಅಸಲಿಗೆ ಮುಂಬಯಿಯಲ್ಲಿ ಒಬ್ಬ ಗಿರಾಕಿಯನ್ನು ಹುಡುಕಿದರಾಯಿತು. ನಕಲಿ ಹೋಗುವುದು ನಿಗಡಿಗೆ. ಅಮರ ಎರಡು ದಿನ ಕಟ್ಟುತ್ತಾನೆ, ಕೀಲಿ ಕೊಡುವ ರಗಳೆ ಬೇಸರವಾಗಿ ಕಪಾಟಿಗೆ ಎಸೆಯುತ್ತಾನೆ. ಎಂದಾದರೂ ಯಾರಾದರೂ ನಕಲಿ ಎಂದರೂ ತಪ್ಪು ನಿಗಡಿಯವರದು. ಈ ಭಾಗವನ್ನು ನೆನೆದಾಗಲೆಲ್ಲ ಅವನಿಗೆ ಕಚಗುಳಿ ಇಟ್ಟಂತಾಗುತ್ತಿತ್ತು.

ನಕಲಿಗಾಗಿ ಮುಂಬಯಿಯ ಚೋರ್ ಬಜಾರಿಗೆ ಹೋದ. ಅಲ್ಲಿ ತೋರಿಸಿದ್ದೆಲ್ಲ ಈಚಿನ ನಮೂನೆಯ ದಪ್ಪ ನಕಲುಗಳು, ಬೆನ್ನಿನಲ್ಲೂ ಡಯಲು. ಅಂಗಡಿಯವನು ಅದನ್ನೇ ದೊಡ್ಡ ಗುಣ ಎಂಬಂತೆ ಮಗುಚಿ ಮಗುಚಿ ತೋರಿಸಿದ. ಬಸವಪ್ರಭು ಮೂಗು ಮುರಿದು, ಎದ್ದುಹೋಗುವ ನಾಟಕ ಮಾಡಿ, ಕೊನೆಗೆ ಹಳೆಯ ಅಳತೆಯ, ಕೀಲಿ ಕೊಡುವ, ಬೋಳು ಬೆನ್ನಿನ ಒಂದನ್ನು ಹೊರಗೆ ತೆಗೆಸಿದ. ಅಸಲಿ ಇನ್ನೂ ಅವನ ಬಳಿಯೇ ಇತ್ತು. ಪುಣೆಯ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಿದ್ದೆ ಮಾಡುವುದು ಲೋಕಕ್ಕೇ ಗೊತ್ತು. ಆ ಪುಣ್ಯದ ಹೊತ್ತಿನಲ್ಲಿ ಅವನು ಹಿಂದಿನ ಖೋಲಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ. ಡಯಲಿಗೆ ಚಹದ ಡಿಕಾಕ್ಷನ್ ತೆಳುವಾಗಿ ಸವರಿ ಅರವತ್ತು ವರ್ಷದ ಹಳದಿ ತಂದ. ನಾಲ್ಕರ ಹತ್ತಿರದ ಗೀರು, ಗಾಜಿನ ಮೂಲೆಯ ಸಣ್ಣ ಮುಕ್ಕು, ಸವೆದ ಗೆರೆಗಳು, ಒಂದೊಂದನ್ನೂ ನೋಡಿ ನೋಡಿ ನಕಲು ತೆಗೆದ. ಬೆನ್ನಿಗೆ ಮಾತ್ರ ಬೂದಿ ಹಚ್ಚಿ ಸ್ವಲ್ಪ ತಿಕ್ಕಿ ಬಿಟ್ಟ. ಬೋಳು ಬೋಳಿನಂತೆಯೇ ಇರುತ್ತದೆ, ಅಲ್ಲೇನು ಹೊಸತು ಮಾಡುವುದು? ಅಸಲಿಯ ಪಟ್ಟಿ ಜೀರ್ಣವಾಗಿತ್ತು. ಕಂದು ಬಣ್ಣದ ಚರ್ಮದ ಪಟ್ಟಿ ಎರಡು ತಂದು ಎರಡಕ್ಕೂ ಹಾಕಿದ. ಅಕ್ಕಪಕ್ಕ ಇಟ್ಟಾಗ ಒಂದು ಕ್ಷಣ ಅವನಿಗೇ ಯಾವುದು ಯಾವುದೆಂದು ತಿಳಿಯಲಿಲ್ಲ. ಆಮೇಲೆ ತನ್ನ ಬೆನ್ನು ತಾನೇ ತಟ್ಟಿಕೊಂಡ.

ವಾಚು ಹಿಂತಿರುಗಿತು. ಮಾವ ಲಗ್ನಪತ್ರಿಕೆ ಕೊಡಲು ಹೋದಲ್ಲೆಲ್ಲ ಅದನ್ನು ಕಟ್ಟಿಕೊಂಡು ಹೋಗಿ, ಮಗುಚಿ ತೋರಿಸಿ, ಬಿಳಿಯ ಅಧಿಕಾರಿಯ ಕತೆ ಹೇಳಿ ಬಂದರು. ಬಸವಪ್ರಭು ಬಯಸಿದ್ದೂ ಅದನ್ನೇ. ಆ ದಿನಗಳಲ್ಲಿ ಅವನು ಮದುವೆಯ ಕೆಲಸಕ್ಕೆ ಬಿದ್ದ ಬೀಳುವಿಕೆಯನ್ನು ನೋಡಿ ನೆಂಟರಿಷ್ಟರು ಬೆರಗಾದರು. ಅಡಿಗೆಯವರ ಜೊತೆ ಜಗಳ ಅವನದು, ಕುರ್ಚಿಯವರ ಜೊತೆ ಜಗಳ ಅವನದು. ಇವನಿಲ್ಲದಿದ್ದರೆ ಒಂದು ಕಡ್ಡಿಯೂ ಅಲುಗದು ಎಂಬ ಹಾಗಾಗಬೇಕು, ಬೀಗದ ಕೈ ತಾನಾಗಿ ತನ್ನ ಕೈಗೆ ಬರಬೇಕು, ಅದು ಅವನ ಲೆಕ್ಕಾಚಾರ.

ಬಂತು ಕೂಡ. ಮದುವೆಯ ಕಾರ್ಯಾಲಯದಲ್ಲಿ, ಅಕ್ಷತೆ ಬೀಳಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಪಾರವ್ವ ಸೊಂಟದಿಂದ ಬೀಗದ ಕೈ ಬಿಚ್ಚಿದರು.

"ಅಳಿಯಾರ, ನನ್ನ ಮೊಣಕಾಲಿಗೆ ಈ ಮೆಟ್ಟಲ ಆಗೂದಿಲ್ರಿ. ಮ್ಯಾಲಿನ ಖೋಲ್ಯಾಗ ಬೆಳ್ಳಿ ತಬಕ ಅದ, ತೊಗೊಂಡು ಬರ್ರಿ. ವಾಚೂ ಅದರಾಗ ಅದ."

ಬಸವಪ್ರಭು ಮೆಟ್ಟಿಲುಗಳನ್ನು ಹಾರುತ್ತ ಹತ್ತಿದ. ಖೋಲಿಯಲ್ಲಿ ಯಾರೂ ಇಲ್ಲ. ತಬಕದಲ್ಲಿ ತೆಂಗಿನಕಾಯಿ, ಎಲೆ ಅಡಿಕೆ, ಕೆಂಪು ಮಖಮಲ್ಲಿನ ಡಬ್ಬಿ. ಡಬ್ಬಿ ತೆರೆದ. ಅಸಲಿ ಮುಖ ಮೇಲೆ ಮಾಡಿಕೊಂಡು ಕಟಕಟ ಎನ್ನುತ್ತಿತ್ತು. ಅದು ಕೋಟಿನ ಒಳಜೇಬಿಗೆ ಇಳಿಯಿತು, ಒಳಜೇಬಿನಲ್ಲಿದ್ದದ್ದು ಡಬ್ಬಿಗೆ ಏರಿತು. ಎಲ್ಲ ಒಂದು ಸೀನು ಬಂದು ಹೋಗುವಷ್ಟರಲ್ಲಿ. ಇಳಿಯುವಾಗ ಅವನು ಬ್ಯಾಂಡಿನವರ ಹಾಡಿಗೆ ಸರಿಯಾಗಿ ಹೆಜ್ಜೆ ಹಾಕಿದ.

ಅಕ್ಷತೆ ಬಿತ್ತು. ಶಿವರುದ್ರಪ್ಪನವರು ಮೈಕು ಕೈಗೆ ತೆಗೆದುಕೊಂಡರು. ಬಸವಪ್ರಭು ತಬಕ ಹಿಡಿದು ಮುಂದೆ ಬಂದ. ಆದರೆ ಮಾವ ಅದರತ್ತ ನೋಡದೆ ತಮ್ಮ ಜುಬ್ಬಾದ ಜೇಬಿನಿಂದ ಬೇರೆಯದೇ ಡಬ್ಬಿ ತೆಗೆದು, ಥಳಥಳಿಸುವ ಹೊಸ ವಾಚೊಂದನ್ನು ಅಮರನ ಕೈಗೆ ಕಟ್ಟಿದರು.

"ನಮ್ಮ ಹಳೇ ವಾಚ್ ಕೊಡ್ತೀನಿ ಅಂದ್ರ ಅಮರ ಏನಂದಾ ಗೊತ್ತದ ಏನ್ರಿ?" ಮಾವನ ಧ್ವನಿ ಕಾರ್ಯಾಲಯದ ತುಂಬ ಮೊಳಗಿತು. "ಮಾವಾರ, ನನಗ ತಾರೀಖ ತೋರಸೂ ಹೊಸಾದು ಸಾಕು, ಅದರ ಬೆಲಿ ಗೊತ್ತಿದ್ದವರು ಅಣ್ಣಾರು, ಅವರಿಗೇ ಕಟ್ರಿ, ಅಂದಾ. ನನಗೂ ಖರೇ ಅನಸ್ತು. ನಮ್ಮ ಹಿರೇ ಅಳಿಯಾರು ನಮಗ ಮಗನಕಿಂತ ಹೆಚ್ಚು. ಹೇಳದ ಮುಚ್ಚಿಟ್ಟಿದ್ದೆ, ಇವತ್ತು ಎಲ್ಲಾರ ಮುಂದ ಕಟ್ಟಬೇಕಂತ. ಬರ್ರಿ ಅಳಿಯಾರ, ಕೈ ಕೊಡ್ರಿ!"

ಬಸವಪ್ರಭು ತಬಕ ಕೆಳಗಿಟ್ಟ. ತನ್ನ ವಾಚನ್ನು ತಾನೇ ಕದ್ದಿದ್ದ. ಮರುಗಳಿಗೆಯಲ್ಲೇ ಅವನ ಚುರುಕು ಬುದ್ಧಿ ಇದನ್ನು ಮಗುಚಿ ನೋಡಿತು: ಏನಾಯಿತು ಮಹಾ? ನಕಲಿ ಎಲ್ಲರೆದುರು ತನ್ನ ಕೈಗೇ ಬರುತ್ತದೆ, ಅಸಲಿ ಜೇಬಿನಲ್ಲೇ ಇದೆ. ಮನೆಗೆ ಹೋಗಿ ಒಂದನ್ನು ಬಿಚ್ಚಿ ಇನ್ನೊಂದನ್ನು ಕಟ್ಟಿಕೊಂಡರೆ ಮುಗಿಯಿತು. ನಿಗಡಿಯ ಭಯವಿಲ್ಲ, ಮುಂಬಯಿಯ ಗಿರಾಕಿ ಬೇಡ, ಅಸಲಿಯನ್ನು ರಾಜಾರೋಷವಾಗಿ ಲಕ್ಷ್ಮೀ ರಸ್ತೆಯಲ್ಲೇ ಮೆರೆಸಬಹುದು. ಕಳವು ಆಗಿದೆ, ಆದರೆ ಕಳೆದುಕೊಂಡವರೇ ಇಲ್ಲ! ಉಕ್ಕಿ ಬಂದ ನಗುವನ್ನು ತಡೆಯಲು ಹೋಗಿ ಅವನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಶೈಲಶ್ರೀ ಅತ್ತಳು, ಮುಂದಿನ ಸಾಲಿನ ಹೆಂಗಸರೂ ಸೆರಗು ಕಣ್ಣಿಗೊತ್ತಿಕೊಂಡರು. ಬಸವಪ್ರಭು ಜಂಬದಿಂದ ಕೈ ಚಾಚಿದ. ಜೀವನದಲ್ಲಿ ಇಷ್ಟು ಖುಷಿ ಅವನಿಗೆ ಎಂದೂ ಆಗಿರಲಿಲ್ಲ.

ಪಟ್ಟಿ ಬಿಗಿದದ್ದೇ ತಡ, ಪಾರವ್ವ ಮುಂದೆ ನುಗ್ಗಿದರು. "ಬೆನ್ನ ತೋರಸ್ರಿ, ಬೆನ್ನ! ನಿನ್ನಿ ಬೋಹರಿ ಆಳಿ ಭಾಂಡೆ ಪ್ಯಾಟ್ಯಾಗ ದೀಪಾಲಿ ಭಾಂಡೇಕ ಹೆಸರು ಹಾಕಸ್ಲಿಕ್ಕೆ ಹೋಗಿದ್ನೆಲ್ಲಾ, ಇದೂ ತಾಟಿನಗತೆ ನುಣ್ಣಗ ಬೋಳೇ ಇತ್ತು. ಅದೇ ಮಶೀನಿಲೆ ಇದಕ್ಕೂ ಅಳಿಯಾರ ಹೆಸರು ಹಾಕಿಸೀನಿ!" ಮದುವೆಗೆ ಕೊಡುವ ತಾಟು, ಚರಿಗೆ, ಡಬರಿಗಳ ಮೇಲೆಲ್ಲ ಹೆಸರು ಕೊರೆಸದೆ ಅತ್ತೆಯಂಥವರು ಬಿಡುವುದಿಲ್ಲ ಎಂಬುದು ಬಸವಪ್ರಭುವಿನ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ. ಅರವತ್ತು ವರ್ಷದ ಬೋಳು ಬೆನ್ನಿಗೆ ಪಾತ್ರೆ ಕೊರೆಯುವ ಸೂಜಿ ತಗಲಿತಲ್ಲ ಎಂದೇ ಅವನ ಜೀವ ಮೊದಲು ಚುರ್ ಎಂದದ್ದು, ಅಂಜಿಕೆ ಬಂದದ್ದು ಆಮೇಲೆ. ಮಾವ ಅವನ ಮಣಿಕಟ್ಟಿನ ಮೇಲೇ ವಾಚು ಮಗುಚಿದರು. ಬೆನ್ನು ಬೋಳಾಗಿ ಫಳಫಳ ಹೊಳೆಯಿತು. "ಹೆಸರ ಎಲ್ಲಿ ಹೋತು?" ಎಂದು ಪಾರವ್ವ ಕಣ್ಣುಜ್ಜಿಕೊಂಡರು. ಗಂಡನ ಮೈ ಬೆವರುವುದನ್ನು ಕಂಡು ಶೈಲಶ್ರೀ ಗಾಬರಿಯಾಗಿ ಕೋಟಿನ ಗುಂಡಿ ಬಿಚ್ಚಿ, ಎದೆ ನೀವಲು ಕೈ ಹಾಕಿದಳು. ಒಳಜೇಬಿನ ಗಟ್ಟಿ ವಸ್ತು ಬೆರಳಿಗೆ ತಾಕಿತು, ಏನಿದು ಎಂದು ಹೊರಗೆಳೆದಳು. ಕಂದು ಪಟ್ಟಿಯ ವಾಚು, ಬೆನ್ನಿನ ಮೇಲೆ ಮರಾಠಿ ಅಕ್ಷರಗಳಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆದ ಗಂಡನ ಹೆಸರು, ಕೆಳಗೆ 'ಅತ್ತೆ ಮಾವನಿಂದ ಪ್ರೀತಿಯ ಕಾಣಿಕೆ' ಎಂದು. ಅರ್ಥವಾಗುವ ಮೊದಲೇ ಅವಳು ಅದನ್ನು ಗಟ್ಟಿಯಾಗಿ ಓದಿಬಿಟ್ಟಳು. ಅವಳಪ್ಪನ ಕೈಯಲ್ಲಿದ್ದ ಮೈಕು ಇನ್ನೂ ಚಾಲೂ ಇತ್ತು.